ಮಾಯವಾಗೋ ಲಿಸ್ಟು, ಡಬಲ್ ಆಗೋ ಅಕ್ಷರ: ವೆಬ್ ಡೆವಲಪರ್‌ಗಳ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸಾರ್, ಸರ್ಚ್ ಬಾಕ್ಸ್ ಕೆಳಗೆ ಬರೋ ಲಿಸ್ಟ್‌ನ ಇನ್‌ಸ್ಪೆಕ್ಟ್ ಮಾಡೋಣ ಅಂತ ಡೆವ್‌ಟೂಲ್ಸ್ (ಬ್ರೌಸರ್‌ನಲ್ಲೇ ಪೇಜಿನ ಕೋಡ್ ನೋಡೋ ಕಿಟಕಿ) ಕಡೆ ಕ್ಲಿಕ್ ಮಾಡಿದ್ ತಕ್ಷಣ ಅದು ಮಾಯ. ಏನ್ ಮಾಡ್ಲಿ? – ದಾವಣಗೆರೆಯ ಓದುಗರು

ಉತ್ತರ: ಇದಕ್ಕೆ ನಾನೂ ಒಂದಿಡೀ ಮಧ್ಯಾಹ್ನ ಕಳ್ಕೊಂಡಿದೀನಿ. ಡೆವ್‌ಟೂಲ್ಸ್ ಕಡೆ ಕ್ಲಿಕ್ ಮಾಡಿದ್ರೆ ಪೇಜಿನ ಫೋಕಸ್ (ಸದ್ಯ ನೀವು ಬಳಸ್ತಿರೋದು ಅದನ್ನೇ ಅನ್ನೋ ಗುರುತು) ಹೋಗುತ್ತೆ, ಅದಕ್ಕೇ ಲಿಸ್ಟು ಮುಚ್ಕೊಳ್ಳೋದು. ಕ್ರೋಮ್‌ನಲ್ಲಿ ಡೆವ್‌ಟೂಲ್ಸ್ ತೆಗೆದು ಕಂಟ್ರೋಲ್ ಶಿಫ್ಟ್ ಪಿ ಒತ್ತಿ, ರೆಂಡರಿಂಗ್ ಅಂತ ಹುಡುಕಿ, ಅಲ್ಲಿ ‘ಎಮ್ಯುಲೇಟ್ ಎ ಫೋಕಸ್ಡ್ ಪೇಜ್’ ಟಿಕ್ ಮಾಡಿ, ಆಮೇಲೆ ನೀವು ಎಲ್ಲಿ ಕ್ಲಿಕ್ ಮಾಡಿದ್ರೂ ಪೇಜು ತಾನಿನ್ನೂ ಫೋಕಸ್‌ನಲ್ಲೇ ಇದೀನಿ ಅಂದ್ಕೊಂಡಿರುತ್ತೆ. ಮೌಸ್ ಇಟ್ರೆ ಮಾತ್ರ ಬರೋ ಮೆನು ಆದ್ರೆ ಕನ್ಸೋಲ್‌ನಲ್ಲಿ ಸೆಟ್‌ಟೈಮ್‌ಔಟ್ (ಹೇಳಿದಷ್ಟು ಹೊತ್ತು ಕಾದು ಕೋಡ್ ಓಡಿಸೋದು) ಒಳಗೆ ಡೀಬಗರ್ (ಪೇಜನ್ನ ಅಲ್ಲೇ ನಿಲ್ಲಿಸೋ ಆಜ್ಞೆ) ಅಂತ ಹಾಕಿ 3000 ಮಿಲಿಸೆಕೆಂಡ್ ಕೊಡಿ, ಮೂರು ಸೆಕೆಂಡಲ್ಲಿ ಹೋಗಿ ಮೌಸ್ ಇಡಿ, ಪೇಜು ಹಾಗೇ ಕಲ್ಲಾಗುತ್ತೆ.

ಪ್ರಶ್ನೆ: ಫಾರ್ಮ್‌ನಲ್ಲಿ ಹೆಸರಿಗೆ ಮ್ಯಾಕ್ಸ್‌ಲೆಂತ್ (ಎಷ್ಟು ಅಕ್ಷರದವರೆಗೆ ಅನ್ನೋ ಮಿತಿ) 20 ಕೊಟ್ಟಿದೀನಿ, ಕನ್ನಡದಲ್ಲಿ ಟೈಪ್ ಮಾಡೋರಿಗೆ ಹತ್ತನ್ನೆರಡು ಅಕ್ಷರಕ್ಕೇ ನಿಂತೋಗುತ್ತೆ. – ಮೈಸೂರಿನ ಓದುಗರು

ಉತ್ತರ: ಬ್ರೌಸರ್ ನಮ್ಮ ಕಾಗುಣಿತ ಕಲಿತಿಲ್ಲ ನೋಡಿ! ‘ಕಿವಿ’ ನಮಗೆ ಎರಡಕ್ಷರ, ಜಾವಾಸ್ಕ್ರಿಪ್ಟ್‌ನ ಲೆಂತ್‌ಗೆ ನಾಲ್ಕು, ಯಾಕಂದ್ರೆ ಯೂನಿಕೋಡ್‌ನಲ್ಲಿ ಗುಡಿಸು (ಇ-ಕಾರದ ಗುರುತು) ಬೇರೆನೇ ಕೋಡ್, ಮ್ಯಾಕ್ಸ್‌ಲೆಂತ್ ಕೂಡ ಅದನ್ನೇ ಎಣಿಸೋದು. ಜಾವಾಸ್ಕ್ರಿಪ್ಟ್‌ನಲ್ಲೇ ಇರೋ ಇಂಟ್ಲ್.ಸೆಗ್ಮೆಂಟರ್ ಬಳಸಿ, ಗ್ರಾಫೀಮ್ (ಓದೋರಿಗೆ ಒಂದೇ ಅಕ್ಷರ ಅನ್ಸೋದು) ಲೆಕ್ಕದಲ್ಲಿ ಎಣಿಸಿದ್ರೆ ‘ಕಿವಿ’ಗೆ ಸರಿಯಾಗಿ ಎರಡೇ ಬರುತ್ತೆ. ಕ್ರೋಮ್‌ನಲ್ಲಿ 2020ರಿಂದಲೇ ಇತ್ತು, ಫೈರ್‌ಫಾಕ್ಸ್ ಮಾತ್ರ 2024ರಲ್ಲಿ 125ನೇ ಆವೃತ್ತಿವರೆಗೂ ಕಾಯಿಸ್ತು. ಒತ್ತಕ್ಷರದ ಹತ್ರ ಸ್ವಲ್ಪ ಹುಷಾರು, ‘ನ್ನ’ ಅನ್ನೋದನ್ನ ಅದು ‘ನ್’ ಮತ್ತೆ ‘ನ’ ಅಂತ ಎರಡು ಮಾಡ್ಬೋದು, ಹಾಗಾಗಿ ಮಿತಿನ ಒಂಚೂರು ಸಡಿಲ ಇಡಿ. ಡೇಟಾಬೇಸ್ ಕಾಲಮ್ ಅಗಲಾನೂ ನೋಡ್ಕೊಳಿ, ಯುಟಿಎಫ್-8ರಲ್ಲಿ (ಯೂನಿಕೋಡ್ ಅಕ್ಷರಗಳನ್ನ ಬೈಟ್‌ಗಳಾಗಿ ಉಳಿಸೋ ವಿಧಾನ) ಕನ್ನಡದ ಒಂದೊಂದು ಕೋಡಿಗೂ 3 ಬೈಟ್.

ಪ್ರಶ್ನೆ: ಸಿಎಸ್ಎಸ್‌ನ (ಪೇಜಿನ ಅಂದಚೆಂದ ಬರೆಯೋ ಭಾಷೆ) ‘ಹ್ಯಾಸ್’ ಸೆಲೆಕ್ಟರ್ (ಒಳಗೆ ಏನಿದೆ ಅಂತ ನೋಡಿ ಹೊರಗಿನದನ್ನ ಆರಿಸೋದು) ಈಗ ಧೈರ್ಯವಾಗಿ ಬಳಸ್ಬೋದಾ? – ಹುಬ್ಬಳ್ಳಿಯ ಓದುಗರು

ಉತ್ತರ: ಬಳಸ್ರಿ. 2022ರಲ್ಲಿ ಸಫಾರಿ, ಕ್ರೋಮ್ ಎರಡಕ್ಕೂ ಬಂತು, 2023ರ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್ 121ಕ್ಕೂ. ಒಳಗಿನ ಇನ್‌ಪುಟ್ ತಪ್ಪಿದ್ರೆ ಹೊರಗಿನ ಡಿವ್‌ಗೆ ಕೆಂಪು ಬಾರ್ಡರ್ ಹಾಕೋಕೆ ಜಾವಾಸ್ಕ್ರಿಪ್ಟೇ ಬೇಡ, ಆದ್ರೆ ‘ಇನ್‌ವ್ಯಾಲಿಡ್’ ಬದಲು ‘ಯೂಸರ್-ಇನ್‌ವ್ಯಾಲಿಡ್’ (ಬಳಸೋರು ಬಾಕ್ಸ್ ಮುಟ್ಟಿದ ಮೇಲೆ ಮಾತ್ರ ತಪ್ಪು ತೋರಿಸೋದು) ಹಾಕ್ರಿ, ಇಲ್ಲಾಂದ್ರೆ ಕಡ್ಡಾಯ ಅಂತಿರೋ ಖಾಲಿ ಬಾಕ್ಸೆಲ್ಲ ಪೇಜ್ ತೆರೆದ ಕೂಡ್ಲೇ ಕೆಂಪಗಾಗಿ ಕೂತಿರ್ತಾವೆ. ಇನ್ನೊಂದು, ಹ್ಯಾಸ್ ಇರೋ ಸೆಲೆಕ್ಟರ್‌ನ ಬೇರೆ ಸೆಲೆಕ್ಟರ್ ಜೊತೆ ಕಾಮಾ ಹಾಕಿ ಸೇರಿಸ್ಬೇಡ್ರಿ, ಹಳೇ ಫೋನಿನ ಬ್ರೌಸರ್‌ಗೆ ಅದೊಂದು ಅರ್ಥ ಆಗ್ಲಿಲ್ಲ ಅಂದ್ರೆ ಪೂರ್ತಿ ರೂಲನ್ನೇ ಎತ್ತಿ ಬಿಸಾಕುತ್ತೆ.