ಪಿಕಪ್ ಘಾಟಿಯಲ್ಲಿ ಕುದಿಯುತ್ತಿದೆ, ಯಾವ ರೇಡಿಯೇಟರ್ ಹಾಕಿಸಲಿ?

ಪ್ರಶ್ನೆ: ನನ್ನದು 9 ವರ್ಷದ ಹಳೇ ಡೀಸೆಲ್ ಪಿಕಪ್. ಮಂಗಳೂರು ಧಕ್ಕೆಯಿಂದ (ಮೀನು ಬಂದರು) ಐಸ್ ಹಾಕಿದ ಮೀನು ಹಾಸನಕ್ಕೆ ತರುತ್ತೇನೆ. ಬಯಲು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಗುಂಡ್ಯ ದಾಟಿ ಶಿರಾಡಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಅಂಚಿನಲ್ಲಿ ನೀರು ಜಿನುಗುತ್ತಿದೆ. ಮೆಕ್ಯಾನಿಕ್ ತಾಮ್ರದ್ದು ಮಾಡಿಸಿ ಅನ್ನುತ್ತಾರೆ. ಏನು ಮಾಡಲಿ? (ಹಾಸನದ ಓದುಗರು)

ಉತ್ತರ: ಜಿನುಗುತ್ತಿದೆ ಅಂದ ಮೇಲೆ ಬದಲಾಯಿಸಿ. ಆದರೆ ಹೊಸದು ಹಾಕಿದ ಮೇಲೂ ಕುದಿದರೆ ನನ್ನನ್ನು ಬೈಯಬೇಡಿ, ಯಾಕೆಂದರೆ ನಿಮ್ಮ ಪತ್ರ ಓದಿದರೆ ತಪ್ಪು ಬರೀ ರೇಡಿಯೇಟರ್‌ನದ್ದು ಅನ್ನಿಸುವುದಿಲ್ಲ. ಬಯಲಿನಲ್ಲಿ ಗಾಡಿ ಓಡುವ ವೇಗಕ್ಕೇ ಗಾಳಿ ನುಗ್ಗಿ ನೀರು ತಣ್ಣಗಾಗುತ್ತದೆ. ಘಾಟಿಯಲ್ಲಿ ಲೋಡ್ ಇದೆ, ಸೆಕೆಂಡ್ ಗೇರ್, ಎಂಜಿನ್ ಕಿರುಚುತ್ತಿದೆ, ಗಾಡಿ ಮಾತ್ರ ತೆವಳುತ್ತಿದೆ. ಆಗ ಗಾಳಿ ಎಳೆಯುವ ಕೆಲಸವೆಲ್ಲ ಫ್ಯಾನಿನದ್ದು.

ನಿಮ್ಮ ಗಾಡಿಯ ಫ್ಯಾನಿಗೆ ವಿಸ್ಕಸ್ ಕ್ಲಚ್ (ಬಿಸಿಯಾದಾಗ ಫ್ಯಾನನ್ನು ಬಿಗಿಯಾಗಿ ಹಿಡಿದು ಎಂಜಿನ್ ಜೊತೆ ತಿರುಗಿಸುವ ಭಾಗ) ಇದ್ದರೆ ಹೀಗೆ ನೋಡಿ. ಎಂಜಿನ್ ಬಿಸಿ ಇರುವಾಗಲೇ ಆಫ್ ಮಾಡಿ, ಕೀ ತೆಗೆದು, ಫ್ಯಾನನ್ನು ಕೈಯಲ್ಲಿ ತಿರುಗಿಸಿ. ಬಿಗಿಯಾಗಿ ತಿರುಗಿ ನಿಲ್ಲಬೇಕು. ಗಿರ್ರಂತ ಸುಮ್ನೆ ಸುತ್ತುತ್ತಲೇ ಇದ್ದರೆ ಕ್ಲಚ್ ಹೋಗಿದೆ. ಫ್ಯಾನಿನ ಸುತ್ತ ಇರುವ ಪ್ಲಾಸ್ಟಿಕ್ ಕವಚ ಇದೆಯಾ ಅಂತಲೂ ನೋಡಿ. ಎಷ್ಟೋ ಗಾಡಿಗಳಲ್ಲಿ ರಿಪೇರಿಗೆ ಬಿಚ್ಚಿದ್ದು ವಾಪಸ್ ಕೂತಿರುವುದೇ ಇಲ್ಲ, ಆಗ ಫ್ಯಾನ್ ರೇಡಿಯೇಟರ್ ಮೂಲಕ ಗಾಳಿ ಎಳೆಯುವ ಬದಲು ಅಕ್ಕಪಕ್ಕದ ಬಿಸಿಗಾಳಿಯನ್ನೇ ತಿರುವುತ್ತಿರುತ್ತದೆ.

ಇನ್ನೊಂದು, ಜಿನುಗುವ ರೇಡಿಯೇಟರ್‌ನಲ್ಲಿ ಒತ್ತಡ ನಿಲ್ಲುವುದಿಲ್ಲ. ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಏನೋ ಬರೆದಿರುತ್ತದೆ ಅಲ್ವಾ, ಅದು ಬಾರ್ ಲೆಕ್ಕದ ಒತ್ತಡ. ಹೊರಗಿನ ಗಾಳಿಗಿಂತ 1 ಬಾರ್ ಹೆಚ್ಚು ಒತ್ತಡದಲ್ಲಿ ಬರೀ ನೀರು ಕೂಡ ಸುಮಾರು 120 ಡಿಗ್ರಿವರೆಗೆ ಕುದಿಯುವುದಿಲ್ಲ. ಒತ್ತಡ ಸೋರಿಹೋದರೆ 100ಕ್ಕೇ ಕುದಿಯುತ್ತದೆ, ಸಕಲೇಶಪುರದ ಎತ್ತರದಲ್ಲಿ ಇನ್ನೂ ಎರಡು ಮೂರು ಡಿಗ್ರಿ ಮೊದಲೇ. ಹಾಗಾಗಿ ಹೊಸ ರೇಡಿಯೇಟರ್ ಜೊತೆ ಅದೇ ನಂಬರಿನ ಹೊಸ ಮುಚ್ಚಳವನ್ನೂ ತನ್ನಿ. ಒತ್ತಡ ಜಾಸ್ತಿ ಇರಲಿ ಅಂತ ದೊಡ್ಡ ನಂಬರಿನದ್ದು ಹಾಕಿದರೆ ಹೋಸ್ ಪೈಪ್ ಸಿಡಿಯಬಹುದು.

ಈಗ ತಾಮ್ರದ ವಿಷಯ. ತಾಮ್ರ ಅಲ್ಯೂಮಿನಿಯಂಗಿಂತ ಚೆನ್ನಾಗಿ ಶಾಖ ಸಾಗಿಸುತ್ತದೆ, ನಿಜ. ತೂತಾದರೆ ಯಾವ ಊರಲ್ಲಾದರೂ ಬೆಸುಗೆ ಹಾಕಿಸಬಹುದು, ಅದೂ ನಿಜ. ಆದರೆ ಅಲ್ಯೂಮಿನಿಯಂ ಕೊಳವೆಗಳು ಅಗಲ, ಫಿನ್ಸ್ (ಕೊಳವೆಗಳ ನಡುವಿನ ತೆಳು ತಗಡುಗಳು) ಒತ್ತಾಗಿರುತ್ತವೆ, ಒಟ್ಟು ತಣಿಸುವ ಕೆಲಸದಲ್ಲಿ ಅದು ಹಿಂದೆ ಬೀಳುವುದಿಲ್ಲ. ಅಳತೆಗೆ ಮಾಡಿಸಿದ ತಾಮ್ರದ್ದರಲ್ಲಿ ಎಷ್ಟು ಸಾಲು ಕೊಳವೆ, ಫಿನ್ಸ್ ಎಷ್ಟು ದಟ್ಟ ಅನ್ನುವುದು ಮಾಡುವವರ ಕೈಯಲ್ಲಿರುತ್ತದೆ. ಕಡಿಮೆ ಹಾಕಿದರೆ ಹಾಸನದಲ್ಲಿ ಗೊತ್ತಾಗಲ್ಲ, ಗುಂಡ್ಯ ದಾಟಿದ ಮೇಲೆ ಗೊತ್ತಾಗುತ್ತದೆ. ನಾನಾಗಿದ್ದರೆ ಗಾಡಿಗೆ ಬಂದ ಅಳತೆಯ ಅಲ್ಯೂಮಿನಿಯಂ ಹಾಕಿಸುತ್ತಿದ್ದೆ. ಕಂಪನಿಯದ್ದೇ ಆಗಬೇಕಿಲ್ಲ, ಒಳ್ಳೆ ಬ್ರ್ಯಾಂಡಿನದ್ದು ಬಿಲ್ ಮತ್ತು ವಾರಂಟಿ ಸಮೇತ ಸಿಕ್ಕರೆ ಸಾಕು. ಗುಜರಿಯದ್ದು ಮಾತ್ರ ಬೇಡ, ಒಳಗೆ ಏನು ಕಟ್ಟಿಕೊಂಡಿದೆಯೋ ಯಾರಿಗೆ ಗೊತ್ತು.

ಅಂಗಡಿಗೆ ಚಾಸಿಸ್ ನಂಬರ್ ಕೊಡಿ, ಯಾಕೆಂದರೆ ಒಂದೇ ಹೆಸರಿನ ಪಿಕಪ್‌ನಲ್ಲೂ ಎಸಿ ಇರುವುದು, ಇಲ್ಲದ್ದು, ಬಿಎಸ್3, ಬಿಎಸ್4 (ಹೊಗೆ ನಿಯಮದ ಹಂತಗಳು) ಅಂತ ರೇಡಿಯೇಟರ್ ಬೇರೆ ಬೇರೆ ಇರಬಹುದು. ಸಾಧ್ಯವಾದರೆ ಹಳೆಯದನ್ನೇ ಹೊತ್ತುಕೊಂಡು ಹೋಗಿ ಪಕ್ಕಪಕ್ಕ ಇಟ್ಟು ನೋಡಿ, ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರೋಡ್‌ಗೇ ಹೋದರೂ ಸರಿ. ಉದ್ದ ಅಗಲ ಎಲ್ಲರೂ ಅಳೆಯುತ್ತಾರೆ, ದಪ್ಪ ಅಳೆಯುವುದನ್ನು ಮರೆಯುತ್ತಾರೆ. ತೆಳ್ಳಗಿದ್ದರೆ ವಾಪಸ್ ಕೊಡಿ. ಕೆಳಗೆ ಕೂರುವ ರಬ್ಬರ್ ಬುಷ್ ಹೊಸದು ಹಾಕಿಸಿ. ಅದು ಸವೆದರೆ ಹಳ್ಳದ ರಸ್ತೆಯ ಪೆಟ್ಟೆಲ್ಲ ನೇರ ಪ್ಲಾಸ್ಟಿಕ್ ಟ್ಯಾಂಕಿಗೆ ಬೀಳುತ್ತದೆ. ಹೊಸದನ್ನು ಕೂರಿಸುವ ಮೊದಲು ಎಂಜಿನ್ ಬ್ಲಾಕ್ ಫ್ಲಶ್ ಮಾಡಿಸಲೇಬೇಕು (ಒಳಗೆ ನೀರು ಹಾಯಿಸಿ ತೊಳೆಸುವುದು), ಇಲ್ಲದಿದ್ದರೆ ಅಲ್ಲಿಯ ತುಕ್ಕೆಲ್ಲ ಹೊಸ ಕೊಳವೆಗಳಿಗೆ ಬಂದು ಕೂರುತ್ತದೆ.

ಪ್ರಶ್ನೆ: ನಮ್ಮ ಮಾವ ರೇಡಿಯೇಟರ್‌ಗೆ ಮೊದಲಿಂದಲೂ ಬೋರ್‌ವೆಲ್ ನೀರೇ ಹಾಕುತ್ತಾ ಬಂದಿದ್ದಾರೆ. ಇಲ್ಲಿ ನೀರು ಹೆಪ್ಪುಗಟ್ಟುವ ಚಳಿಯೇ ಇಲ್ಲ. ರೇಡಿಯೇಟರ್‌ಗೆ ಅಂತ ಮಾರುವ ಕೂಲೆಂಟ್ ದ್ರವ ಅನ್ನೋದು ಸುಮ್ನೆ ವ್ಯಾಪಾರ ಅಲ್ವಾ? (ಚಿಂತಾಮಣಿಯ ಓದುಗರು)

ಉತ್ತರ: ನಿಮ್ಮ ಮನೆಯ ನೀರು ಕಾಯಿಸುವ ಹಂಡೆಯ ಒಳಗೆ ಒಮ್ಮೆ ಕೈಯಾಡಿಸಿ. ಆ ಬಿಳಿ ಗರಣೆ ಎಂಜಿನ್ ಒಳಗೂ ಅತಿ ಬಿಸಿ ಇರುವ ಜಾಗದಲ್ಲೇ ಕಟ್ಟುತ್ತದೆ. ಸಾಲದ್ದಕ್ಕೆ ನೀರಿನ ಉಪ್ಪಿನಂಶ ಅಲ್ಯೂಮಿನಿಯಂ ಅನ್ನು ತೂತು ತೂತಾಗಿ ತಿನ್ನುತ್ತದೆ. ನಿಮ್ಮ ಮಾವನ ಹಳೇ ಗಾಡಿಯಲ್ಲಿ ಎರಕದ ಕಬ್ಬಿಣ, ತಾಮ್ರ ಇದ್ದಿರಬಹುದು, ತಡೆದುಕೊಂಡಿದೆ. ಕೂಲೆಂಟ್ ನಮ್ಮ ಕಡೆ ಚಳಿಗಲ್ಲ, ತುಕ್ಕು ತಡೆಯುವುದಕ್ಕೆ ಮತ್ತು ಕುದಿಯುವ ಮಟ್ಟ ಮೇಲೇರಿಸುವುದಕ್ಕೆ. ನೀರು ಬೆರೆಸದ ಗಟ್ಟಿ ಕೂಲೆಂಟ್ ಆದರೆ ಅರ್ಧ ಅದು, ಅರ್ಧ ಡಿಸ್ಟಿಲ್ಡ್ ವಾಟರ್. ಬೆರೆಸಿಯೇ ಮಾರುವ ಡಬ್ಬಿಗೆ ಮತ್ತೆ ನೀರು ಹಾಕಬೇಡಿ. ಬಣ್ಣ ನೋಡಿ ಕೊಳ್ಳಬೇಡಿ, ಹಸಿರು, ಕೆಂಪು ಅನ್ನುವುದಕ್ಕೆ ಎಲ್ಲರಿಗೂ ಒಂದೇ ನಿಯಮವಿಲ್ಲ. ಗಾಡಿಯ ಪುಸ್ತಕದಲ್ಲಿ ಹೇಳಿದ ಬಗೆಯದ್ದು ತನ್ನಿ. ಬದಲಾಯಿಸುವ ಅವಧಿಯೂ ಅಲ್ಲೇ ಇರುತ್ತದೆ.

ಪ್ರಶ್ನೆ: ಸಣ್ಣ ಲೀಕ್‌ಗೆ ಅರಿಶಿನ ಪುಡಿ ಹಾಕಬಹುದಾ?

ಉತ್ತರ: ಕಾಡಿನ ಮಧ್ಯೆ ನಿಂತು ಮನೆ ಸೇರಬೇಕಾದರೆ ಹಾಕಿ, ನಾನು ಬೇಡ ಅನ್ನಲ್ಲ. ಮರುದಿನ ಬೆಳಿಗ್ಗೆ ಫ್ಲಶ್ ಮಾಡಿಸಿ. ತೂತು ಮುಚ್ಚುವ ಪುಡಿಗೆ ಯಾವುದು ತೂತು, ಯಾವುದು ಕೊಳವೆ ಅಂತ ಗೊತ್ತಾಗುವುದಿಲ್ಲ.

ಪ್ರಶ್ನೆ: ರೇಡಿಯೇಟರ್ ಹೊರಗಡೆ ತೊಳೆಯುವುದು ಹೇಗೆ? ನೀರು ತುಂಬಿದ ಮೇಲೆ ಗುಳ್ಳೆ ಬರುತ್ತಲೇ ಇರುತ್ತದೆ, ಯಾಕೆ?

ಉತ್ತರ: ಎಂಜಿನ್ ಕಡೆಯಿಂದ ಮುಂದಕ್ಕೆ, ಮಾಮೂಲಿ ಪೈಪಿನ ನೀರಿನಲ್ಲಿ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹತ್ತಿರ ಹಿಡಿದರೆ ಫಿನ್ಸ್ ಮಲಗಿಬಿಡುತ್ತವೆ. ರೇಡಿಯೇಟರ್ ಮುಂದೆ ಎಸಿ ಕಂಡೆನ್ಸರ್ ಅಥವಾ ಇಂಟರ್‌ಕೂಲರ್ ಇದ್ದರೆ ಎರಡರ ನಡುವೆ ಹುಳ, ಧೂಳು, ಹುಲ್ಲು ತುಂಬಿರುತ್ತದೆ, ಎದುರಿಂದ ನೋಡಿದರೆ ಕಾಣುವುದಿಲ್ಲ.

ಇನ್ನು ಗುಳ್ಳೆ. ಹೊಸದಾಗಿ ತುಂಬಿದಾಗ ಸ್ವಲ್ಪ ಹೊತ್ತು ಬರುವುದು ಸಹಜ, ಒಳಗಿನ ಗಾಳಿ ಹೊರಬರಬೇಕು. ಗಾಡಿಯ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ತಣ್ಣಗಿರುವಾಗಲೇ ಮುಚ್ಚಳ ತೆಗೆದು, ಹೀಟರ್ ಇದ್ದರೆ ಬಿಸಿಗೆ ತಿರುಗಿಸಿ ಎಂಜಿನ್ ಶುರು ಮಾಡಿ, ಮಟ್ಟ ಇಳಿದಂತೆ ತುಂಬುತ್ತಾ ಹೋಗಿ. ದಿನಗಟ್ಟಲೆ ಗುಳ್ಳೆ ನಿಲ್ಲದಿದ್ದರೆ, ಜೊತೆಗೆ ಬಿಳಿ ಹೊಗೆ ಬಂದರೆ ಅಥವಾ ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿರಬಹುದು. ಮೊದಲು ಅದನ್ನು ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ರೇಡಿಯೇಟರ್‌ಗೆ ದುಡ್ಡು ಹಾಕಬೇಡಿ.

ತೆಗೆದ ಹಳೇ ಕೂಲೆಂಟ್ ಸಿಹಿಯಾಗಿರುತ್ತದೆ ಮತ್ತು ವಿಷ. ನಾಯಿ, ಕರು ನೆಕ್ಕಿದರೆ ಸಾಯುತ್ತವೆ, ಅಂಗಳದಲ್ಲಿ ಚೆಲ್ಲದೆ ಕ್ಯಾನಿನಲ್ಲಿ ಹಿಡಿದು ಗ್ಯಾರೇಜಿಗೇ ಕೊಡಿ.