ಇಟಲಿಯ ಕಡಲತೀರದ ರಿಮಿನಿ ಕಡೆ ಮನೆಯವರೇ ನಡೆಸುವ ಹೋಟೆಲ್‌ನಲ್ಲಿ ಊಟ ಸೇರಿಸಿ ರೂಮ್ ತಗೊಳ್ಳಬಹುದಾ?

ಧಾರಾಳವಾಗಿ ತಗೊಳ್ಳಿ. ಬೆಳಗಿನ ತಿಂಡಿ, ರಾತ್ರಿ ಊಟ ಎರಡೂ ಸೇರಿರುವ ಮೆಝ್ಝಾ ಪೆನ್ಸಿಯೋನೆ ನಿಮಗೆ ಸರಿಹೋಗುತ್ತದೆ. ಮಧ್ಯಾಹ್ನದ ಊಟವೂ ಸೇರಿದ ಪೆನ್ಸಿಯೋನೆ ಕಂಪ್ಲೇತಾ ಬೇಡ, ಅದನ್ನು ತಗೊಂಡರೆ ಹನ್ನೆರಡೂವರೆಗೆಲ್ಲ ಎಲ್ಲಿದ್ದರೂ ಓಡಿ ಬರಬೇಕು, ಊರು ನೋಡುವುದಕ್ಕೆ ಆಗುವುದಿಲ್ಲ.

ಜೂನ್‌ನಲ್ಲಿ ಅಪ್ಪ, ಅಮ್ಮ, ಮಗು ಜೊತೆ ಒಂದು ವಾರ ಇರುತ್ತೀರಿ, ಅಪ್ಪ ಮೀನು ತಿನ್ನುತ್ತಾರೆ, ಅಮ್ಮ ಶುದ್ಧ ಸಸ್ಯಾಹಾರಿ, ಅಷ್ಟು ಸಣ್ಣ ಹೋಟೆಲ್‌ನವರು ಇದನ್ನೆಲ್ಲ ಸಂಭಾಳಿಸುತ್ತಾರಾ ಅಂತ ಕೇಳಿದ್ದೀರಿ. ನಾನಿರುವುದು ಬೊಲೋನ್ಯದಲ್ಲಿ. ಬೇಸಿಗೆ ಬಂತೆಂದರೆ ರೈಲು ಹತ್ತಿ ಆ ತೀರಕ್ಕೇ ಹೋಗುವುದು, ಊರಿನಿಂದ ಅಮ್ಮ ಬಂದಾಗ ಅವರನ್ನೂ ಕರೆದುಕೊಂಡು ಹೋಗಿದ್ದೇನೆ. ಸಂಭಾಳಿಸುತ್ತಾರೆ, ದೊಡ್ಡ ಹೋಟೆಲ್‌ಗಳಿಗಿಂತ ಚೆನ್ನಾಗಿಯೇ ಸಂಭಾಳಿಸುತ್ತಾರೆ. ಆದರೆ ಮುಂಚೆ ಹೇಳಬೇಕು. ಎಲ್ಲ ಇರುವುದು ಅದರಲ್ಲೇ.

ಯಾಕೆ ಅಂದರೆ ಅದು ಆರ್ಡರ್ ಬಂದ ಮೇಲೆ ಒಲೆ ಹಚ್ಚುವ ಅಡುಗೆಮನೆ ಅಲ್ಲ. ಇಂದು ರಾತ್ರಿ ಎಷ್ಟು ತಲೆ ಅಂತ ಲೆಕ್ಕ ಹಾಕಿ ಬೆಳಿಗ್ಗೆಯೇ ಮೀನು, ತರಕಾರಿ ತರುತ್ತಾರೆ. ಕತ್ತೋಲಿಕಾದಿಂದ ಹಿಡಿದು ರಿಚ್ಚೋನೆ, ರಿಮಿನಿ, ಬೆಲ್ಲಾರಿಯಾ, ಚೆಸೆನಾತಿಕೋವರೆಗೆ ಈ ತರಹದ ಹೋಟೆಲ್‌ಗಳು ಸಾಲುಸಾಲಾಗಿ ಇವೆ. ರಿಮಿನಿಯಲ್ಲಿ ಸಮುದ್ರಸ್ನಾನಕ್ಕೆ ಅಂತ ಮೊದಲ ಕಟ್ಟಡ ಎದ್ದಿದ್ದು 1843ರಲ್ಲಿ, ಆದರೆ ಆಗ ಬರುತ್ತಿದ್ದವರು ದುಡ್ಡಿದ್ದವರು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1950-60ರ ದಶಕದಲ್ಲಿ, ಕಾರ್ಖಾನೆ ಕೆಲಸದವರೂ ಮಕ್ಕಳುಮರಿ ಕಟ್ಟಿಕೊಂಡು ರಜೆಗೆ ಬರತೊಡಗಿದರು. ಅವರಿಗಾಗಿಯೇ ಅಲ್ಲಿನ ಜನ ಇಂಥ ಸಣ್ಣ ಪೆನ್ಸಿಯೋನೆಗಳನ್ನು, ಅಂದರೆ ಊಟವೂ ಸೇರಿದ ಹೋಟೆಲ್‌ಗಳನ್ನು, ಶುರು ಮಾಡಿದ್ದು. ಈಗ ಎಷ್ಟೋ ಕಡೆ ಮೊಮ್ಮಕ್ಕಳ ಕಾಲ. ಮಗ ರಿಸೆಪ್ಷನ್‌ನಲ್ಲಿ, ಸೊಸೆ ಊಟದ ಹಾಲ್‌ನಲ್ಲಿ, ಯಜಮಾನರು ಕಾಫಿ ಮಷೀನ್ ಮುಂದೆ, ಯಜಮಾನಿ ಒಳಗೆ ಒಲೆ ಮುಂದೆ. ರೂಮ್ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಚೊಕ್ಕವಾಗಿರುತ್ತದೆ, ಸಣ್ಣದಿರುತ್ತದೆ, ಬಾತ್‌ರೂಮ್ ಇನ್ನೂ ಸಣ್ಣದು. ಅವರ ಶ್ರದ್ಧೆಯೆಲ್ಲ ಊಟದ ಮೇಜಿನ ಮೇಲೆ.

ಊಟದ ಹಾಲ್‌ನಲ್ಲಿ ಮೊದಲ ದಿನ ಒಂದು ಮೇಜು ತೋರಿಸುತ್ತಾರೆ, ವಾರಪೂರ್ತಿ ಅದೇ ನಿಮ್ಮ ಮೇಜು. ಬೆಳಗಿನ ತಿಂಡಿ ಹೊತ್ತಿಗೆ ಒಂದು ಚೀಟಿ ಇಟ್ಟಿರುತ್ತಾರೆ, ರಾತ್ರಿಗೆ ಏನೇನು ಬೇಕು ಅಂತ ಅದರಲ್ಲಿ ಗುರುತು ಹಾಕಿ ಕೊಡಬೇಕು. ಮೊದಲು ಪಾಸ್ತಾ ಅಥವಾ ಸೂಪು, ಆಮೇಲೆ ಮೀನು ಅಥವಾ ಮಾಂಸ, ಕೊನೆಗೆ ಸಿಹಿ ಇಲ್ಲವೇ ಹಣ್ಣು. ಗೋಡೆ ಪಕ್ಕದ ಉದ್ದ ಮೇಜಿನಲ್ಲಿ ತರಕಾರಿ ಇಟ್ಟಿರುತ್ತಾರೆ: ಸುಟ್ಟ ಬದನೆಕಾಯಿ, ಝುಕಿನಿ, ಒಳಗೆ ಬ್ರೆಡ್ ಪುಡಿ ತುಂಬಿ ಬೇಯಿಸಿದ ಟೊಮೆಟೊ, ಬೀನ್ಸ್, ಸೊಪ್ಪು. ಎಷ್ಟು ಬೇಕಾದರೂ ಬಡಿಸಿಕೊಳ್ಳಬಹುದು. ನಮ್ಮಮ್ಮ ಮೊದಲ ರಾತ್ರಿ ಆ ಮೇಜು ನೋಡಿಯೇ ನೆಮ್ಮದಿಯಾದರು. ಕುಡಿಯುವುದು ಮಾತ್ರ ಬೇರೆ ಲೆಕ್ಕ, ನೀರಿನ ಬಾಟಲಿಗೂ ದುಡ್ಡು. ಅಪ್ಪ ವೈನ್ ತಗೊಂಡು ಅರ್ಧ ಉಳಿಸಿದರೆ ಬಾಟಲಿಗೆ ನಿಮ್ಮ ರೂಮ್ ನಂಬರ್ ಬರೆದು ಇಡುತ್ತಾರೆ, ಮರುದಿನ ಅದೇ ಬಾಟಲಿ ಮೇಜಿಗೆ ಬರುತ್ತದೆ.

ಹೊತ್ತಿನ ವಿಷಯದಲ್ಲಿ ಅವರು ಕಟ್ಟುನಿಟ್ಟು. ರಾತ್ರಿ ಏಳೂವರೆ ಅಂದರೆ ಏಳೂವರೆ. ಎಲ್ಲರಿಗೂ ಒಟ್ಟಿಗೆ ಪಾಸ್ತಾ ಬೇಯಿಸಿ ಬಿಸಿಬಿಸಿ ಬಡಿಸುತ್ತಾರೆ, ಎಂಟೂವರೆಗೆ ಹೋಗಿ ಕುಳಿತರೆ ಅವರಿಗೂ ಕಷ್ಟ, ನಿಮಗೂ ರುಚಿ ಸಿಗುವುದಿಲ್ಲ. ಪಕ್ಕದ ಪುಟ್ಟ ದೇಶ ಸಾನ್ ಮರೀನೋ ನೋಡಲು ಹೋದ ದಿನ ತಡವಾಗುವ ಹಾಗಿದ್ದರೆ ಬೆಳಿಗ್ಗೆಯೇ ಹೇಳಿ ಹೋಗಿ.

ಈಗ ಅಮ್ಮನ ಊಟ. ಸುಮ್ನೆ ವೆಜಿಟೇರಿಯನ್ ಅಂದರೆ ಸಾಲದು. ಮಾಂಸ ಬೇಡ ಅಂತಷ್ಟೇ ಹೇಳಿದರೆ ಸಲಾಡ್ ಮೇಲೆ ಟ್ಯೂನಾ ಮೀನು ಹಾಕಿ ಕೊಟ್ಟಾರು, ಅವರ ಮನಸ್ಸಿನಲ್ಲಿ ಮೀನು ಮಾಂಸವಲ್ಲ. ಸೂಪು ನೋಡಲು ಬರೀ ತರಕಾರಿಯದ್ದು, ಆದರೆ ಮಾಂಸ ಬೇಯಿಸಿದ ನೀರಿನಲ್ಲಿ ಮಾಡಿರಬಹುದು. ಆ ಸೀಮೆಯ ರೊಟ್ಟಿ ಪಿಯಾದೀನಾ ತುಂಬ ಚೆನ್ನಾಗಿರುತ್ತದೆ, ಆದರೆ ಹಳೆಯ ಪದ್ಧತಿಯಲ್ಲಿ ಅದರ ಹಿಟ್ಟಿಗೆ ಹಂದಿ ಕೊಬ್ಬು ಹಾಕುತ್ತಾರೆ, ಆಲಿವ್ ಎಣ್ಣೆ ಹಾಕಿದ್ದೂ ಸಿಗುತ್ತದೆ, ಕೇಳಬೇಕು. ಪನ್ನಾ ಕೋತ್ತಾ ಅನ್ನುವ ಕೆನೆಯ ಸಿಹಿಯಲ್ಲಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಪಾರ್ಮಿಜಾನೋ ಚೀಸ್ ಗಟ್ಟಿಯಾಗುವುದು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ, ಅಮ್ಮನಿಗೆ ಅದೂ ಆಗದಿದ್ದರೆ ಪಾಸ್ತಾ ಮೇಲೆ ಚೀಸ್ ಉದುರಿಸಬೇಡಿ ಅಂತ ಹೇಳಬೇಕು. ಮೊಟ್ಟೆ ತಿನ್ನುತ್ತಾರಾ ಇಲ್ಲವಾ ನೀವು ಬರೆದಿಲ್ಲ. ಮನೆಯಲ್ಲಿ ಲಟ್ಟಿಸುವ ತಾಲ್ಯಾತೆಲ್ಲೆಯಂಥ ಪಾಸ್ತಾಕ್ಕೆ ಮೊಟ್ಟೆ ಬೇಕೇ ಬೇಕು. ಸ್ತ್ರೋತ್ಸಾಪ್ರೇತಿ ಅನ್ನುವ ತಿರುಚಿದ ಪಾಸ್ತಾ ಸಾಮಾನ್ಯವಾಗಿ ಬರೀ ಹಿಟ್ಟು-ನೀರಿನದು, ಅದನ್ನು ಟೊಮೆಟೊ, ತುಳಸಿ ಜಾತಿಯ ಬಸೀಲಿಕೋ ಸೊಪ್ಪು ಹಾಕಿ ಕೊಡಿ ಅನ್ನಿ. ಒಣ ಸ್ಪಗೆತ್ತಿಯಲ್ಲೂ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ.

ಇಷ್ಟೆಲ್ಲ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಅನ್ನುವ ಅಳುಕು ಬೇಡ. ನಾವು ಉಳಿಯುವ ಬೆಲ್ಲಾರಿಯಾದ ಹೋಟೆಲ್‌ನಲ್ಲಿ ಒಂದು ಬೆಳಿಗ್ಗೆ ಯಜಮಾನಿ ನಮ್ಮಮ್ಮನನ್ನು ಅಡುಗೆಮನೆಗೆ ಕರೆದರು. ಪಸ್ಸಾತೆಲ್ಲಿ ಅನ್ನುವ ತಿನಿಸು ಮಾಡುತ್ತಿದ್ದರು. ಒಣ ಬ್ರೆಡ್ ಪುಡಿ, ತುರಿದ ಪಾರ್ಮಿಜಾನೋ, ಮೊಟ್ಟೆ, ಸ್ವಲ್ಪ ಜಾಯಿಕಾಯಿ, ನಿಂಬೆ ಸಿಪ್ಪೆಯ ತುರಿ, ಎಲ್ಲ ಸೇರಿಸಿ ನಾದಿದ ಉಂಡೆ. ಅದನ್ನು ನಮ್ಮ ಶ್ಯಾವಿಗೆ ಒತ್ತಿನಂಥದ್ದರಲ್ಲಿ ಒತ್ತಿ, ದಪ್ಪ ದಪ್ಪ ಎಳೆಗಳನ್ನು ನೇರವಾಗಿ ಕುದಿಯುವ ಪಾತ್ರೆಗೆ ಬಿಟ್ಟರು. ಎಳೆಗಳು ಮುಳುಗಿ ಮತ್ತೆ ಮೇಲೆ ಬಂದರೆ ಆಯಿತು. ಬೇರೆಯವರಿಗೆಲ್ಲ ಮಾಂಸದ ರಸದಲ್ಲಿ. ಅಮ್ಮನಿಗೆ ಅಂತ ಪಕ್ಕದ ಒಲೆಯಲ್ಲಿ ಈರುಳ್ಳಿ, ಕ್ಯಾರೆಟ್, ಸೆಲೆರಿ ಹಾಕಿ ಬೇರೆಯೇ ಸಾರು ಕುದಿಸಿಟ್ಟಿದ್ದರು. ಅಮ್ಮನಿಗೆ ಇಟಾಲಿಯನ್ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ, ಇಬ್ಬರೂ ಒತ್ತು ಹಿಡಿದು ಅರ್ಧ ಗಂಟೆ ಮಾತಾಡಿದರು. ಅಷ್ಟು ಪ್ರೀತಿಯಿಂದ ಪರಊರಿನ ಅತಿಥಿಗೆ ಬೇರೆ ಪಾತ್ರೆ ಇಡುವವರನ್ನು ನಾನು ಯುರೋಪಿನಲ್ಲಿ ಬೇರೆಲ್ಲೂ ನೋಡಿಲ್ಲ.

ಅಪ್ಪನಿಗೆ ಹಬ್ಬವೇ. ವೊಂಗೊಲೆ ಅನ್ನುವುದು ನಮ್ಮ ಕರಾವಳಿಯವರ ಮರುವಾಯಿ, ಅದನ್ನು ಬೆಳ್ಳುಳ್ಳಿ, ಆಲಿವ್ ಎಣ್ಣೆ ಜೊತೆ ಸ್ಪಗೆತ್ತಿಗೆ ಹಾಕುತ್ತಾರೆ. ಬೆರಳುದ್ದದ ಸಾರ್ದೊಂಚೀನಿ ಮೀನು, ಸುಟ್ಟದ್ದಾದರೂ ಸರಿ, ಕರಿದದ್ದಾದರೂ ಸರಿ. ಕಾನೊಕ್ಯೆ ಸಿಕ್ಕರೆ ಬಿಡಬೇಡಿ ಅನ್ನಿ, ಸೀಗಡಿಯಂತೆ ಕಾಣುತ್ತದೆ, ಬಿಡಿಸುವುದು ಕಷ್ಟ, ಚಿಪ್ಪು ಚುಚ್ಚುತ್ತದೆ, ಆದರೆ ಒಳಗಿನದು ಸಿಹಿ. ಖಾರ, ಮಸಾಲೆ ಇಲ್ಲ ಅಂತ ಮೊದಲ ದಿನ ಸಪ್ಪೆ ಅನ್ನಿಸಬಹುದು. ಉಪ್ಪಿನಕಾಯಿ ಬಾಟಲಿಯನ್ನು ಎರಡು ದಿನ ಹೊರಗೆ ತೆಗೆಯಬೇಡಿ, ಆ ಮೀನಿಗೆ ಅದರದೇ ರುಚಿ ಇದೆ.

ಹೋಟೆಲ್ ಆರಿಸುವಾಗ ಮ್ಯಾಪ್‌ನಲ್ಲಿ ರೈಲು ಹಳಿ ಎಲ್ಲಿದೆ ನೋಡಿ. ರಿಮಿನಿಯಿಂದ ಬೆಲ್ಲಾರಿಯಾ, ಚೆಸೆನಾತಿಕೋ ಕಡೆ ಹಳಿ ಸಮುದ್ರದ ಪಕ್ಕಪಕ್ಕದಲ್ಲೇ ಹೋಗುತ್ತದೆ. ಹಳಿಗೂ ಸಮುದ್ರಕ್ಕೂ ನಡುವೆ ಇರುವ ಹೋಟೆಲ್ ತಗೊಂಡರೆ ಅಪ್ಪ-ಅಮ್ಮನಿಗೆ ಹಳಿ ದಾಟುವ ಗೋಜಿಲ್ಲ. ಹಳಿಗೆ ಅಂಟಿಕೊಂಡಿದ್ದರೆ ಮಾತ್ರ ಸದ್ದು ಇರುತ್ತದೆ. ಲಿಫ್ಟ್ ಇದೆಯಾ ಕೇಳಿ, ಹಳೆಯ ಕಟ್ಟಡಗಳಲ್ಲಿ ಇಲ್ಲದಿರಬಹುದು. ಸಮುದ್ರ ಅಲ್ಲಿ ತುಂಬ ದೂರದವರೆಗೆ ಆಳವಿಲ್ಲ, ಅಲೆ ತಡೆಯಲು ಕಲ್ಲಿನ ಸಾಲೂ ಹಲವು ಕಡೆ ಇದೆ, ಮಗುವಿಗೆ ಒಳ್ಳೆಯದು. ಛತ್ರಿ, ಕುರ್ಚಿ ಇರುವ ಜಾಗವನ್ನು ಬಾನ್ಯೋ ಅನ್ನುತ್ತಾರೆ, ಅದಕ್ಕೆ ಬಾಡಿಗೆ ಇದೆ. ಕೆಲವು ಹೋಟೆಲ್‌ಗಳು ರೂಮಿನ ದರದಲ್ಲೇ ಸೇರಿಸುತ್ತವೆ, ಕೆಲವು ಇಲ್ಲ.

ಬುಕಿಂಗ್ ಆ್ಯಪ್‌ನಲ್ಲಿ ಎಷ್ಟೋ ಸಲ ಬರೀ ರೂಮ್ ಮತ್ತು ತಿಂಡಿಯ ದರ ತೋರಿಸುತ್ತದೆ. ಹಾಗಾಗಿ ನೇರವಾಗಿ ಹೋಟೆಲ್‌ಗೇ ಮೇಲ್ ಮಾಡಿ. ಮಗುವಿನ ವಯಸ್ಸು ಬರೆಯಿರಿ, ಮಕ್ಕಳಿಗೆ ರಿಯಾಯಿತಿ ಕೊಡುವುದು ಅಲ್ಲಿ ವಾಡಿಕೆ. ಅಮ್ಮನ ವಿಷಯ ಹೀಗೆ ಬರೆಯಿರಿ: 'ಮಿಯಾ ಮಾದ್ರೆ ನೋನ್ ಮಾಂಜಾ ನೇ ಕಾರ್ನೆ ನೇ ಪೇಶೆ, ನೆಮ್ಮೇನೋ ಬ್ರೋದೋ ದಿ ಕಾರ್ನೆ' (Mia madre non mangia né carne né pesce, nemmeno brodo di carne). ಅಮ್ಮ ಮಾಂಸ, ಮೀನು ತಿನ್ನುವುದಿಲ್ಲ, ಮಾಂಸದ ಸಾರೂ ಬೇಡ ಅಂತ. ಹೋದ ದಿನ ಇನ್ನೊಮ್ಮೆ ಬಾಯಿಂದಲೂ ಹೇಳಿ, ಮೇಲ್ ನೋಡಿದ್ದು ಮಗ, ಅಡುಗೆ ಮಾಡುವುದು ತಾಯಿ ಅಲ್ವಾ. ಎಲ್ಲರ ಪಾಸ್‌ಪೋರ್ಟ್ ಕೇಳುತ್ತಾರೆ, ಗಾಬರಿಯಾಗಬೇಡಿ, ಅತಿಥಿಗಳ ವಿವರ ಪೊಲೀಸರಿಗೆ ಕಳಿಸುವುದು ಅಲ್ಲಿ ಕಾನೂನು. ತಲೆಗೆ, ರಾತ್ರಿಗೆ ಇಷ್ಟು ಅಂತ ಪ್ರವಾಸಿ ತೆರಿಗೆ ಹೊರಡುವಾಗ ಬೇರೆ ಕೊಡಬೇಕಾಗುತ್ತದೆ, ಸ್ವಲ್ಪ ನಗದು ಇಟ್ಟುಕೊಳ್ಳಿ.

ತಾರೀಖು ಇನ್ನೂ ಗಟ್ಟಿಯಾಗಿಲ್ಲದಿದ್ದರೆ ಜೂನ್ 2ರ ಆಸುಪಾಸು ಬಿಡಿ, ಅದು ಅವರ ಗಣರಾಜ್ಯ ದಿನ, ಎಲ್ಲ ಕಡೆ ಜನ. ಅದು ಮುಗಿದ ಮೇಲಿನ ಸೋಮವಾರ ಹೋಗಿ ಇಳಿದರೆ ಗದ್ದಲ ಕಡಿಮೆ, ದರವೂ ಆಗಸ್ಟ್‌ಗೆ ಹೋಲಿಸಿದರೆ ಎಷ್ಟೋ ಕಡಿಮೆ.