ಓದುಗರ ಪ್ರಶ್ನೆ: ಪ್ರೋಟೀನ್ ಚಿತ್ರದ ಹಿಂದೆ ಕಪ್ಪು ಆಯತವೇಕೆ?

ಪ್ರಶ್ನೆ: ಅಣುಗಳ ಚಿತ್ರ ಬಿಡಿಸುವ ತಂತ್ರಾಂಶ ಪೈಮಾಲ್‌ನಲ್ಲಿ, ಚಿತ್ರವನ್ನು ನಯವಾಗಿ ಮೂಡಿಸುವ ‘ರೇ’ ಆಜ್ಞೆ ಕೊಟ್ಟರೆ ಹಿನ್ನೆಲೆಯಲ್ಲಿ ಬೂದು ಚೌಕಗಳು ಕಾಣುತ್ತವೆ. ಚಿತ್ರವನ್ನು ಜೆಪೆಗ್ ಮಾಡಿ ಲೇಖನಕ್ಕೆ ಹಾಕಿದರೆ ಸುತ್ತ ಕಪ್ಪು ಆಯತ ಬರುತ್ತದೆ. ಹಿಂಬದಿಯ ಹೆಲಿಕ್ಸ್‌ಗಳೂ (ಪ್ರೋಟೀನಿನ ಸುರುಳಿ ಭಾಗಗಳು) ಮಂಕಾಗಿವೆ.

ಉತ್ತರ: ಚೌಕಗಳು ದೋಷವಲ್ಲ. ಅಲ್ಲಿ ಹಿನ್ನೆಲೆ ಪಾರದರ್ಶಕವಾಗಿದೆ ಎನ್ನುವ ಗುರುತು ಅಷ್ಟೇ. ಉಳಿಸಿದ ಕಡತದಲ್ಲಿ ಅವು ಇರುವುದಿಲ್ಲ. ತೊಂದರೆ ಶುರುವಾಗಿದ್ದು ಜೆಪೆಗ್ ಮಾಡಿದಾಗ. ಪೈಮಾಲ್ ಉಳಿಸುವ ಪಿಎನ್‌ಜಿ ಕಡತ ಪ್ರತಿ ಬಿಂದುವಿಗೂ ಕೆಂಪು, ಹಸಿರು, ನೀಲಿಯ ಜೊತೆಗೆ ಪಾರದರ್ಶಕತೆಯ ಅಂಕಿಯನ್ನೂ ಇಟ್ಟುಕೊಳ್ಳುತ್ತದೆ. ಜೆಪೆಗ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಆ ಅಂಕಿ ಬಿದ್ದುಹೋದ ಮೇಲೆ ಅಡಿಯಲ್ಲಿದ್ದ ಕಪ್ಪು ಬಯಲಾಗುತ್ತದೆ.

ಪುಟ ಬಿಳಿಯದೇ ಆಗಿದ್ದರೆ ಪಾರದರ್ಶಕತೆಯ ಗೊಡವೆಯೇ ಬೇಡ ಎನ್ನುವುದು ನಮ್ಮ ಸಲಹೆ. ಡಿಸ್‌ಪ್ಲೇ ಮೆನುವಿನ ಬ್ಯಾಕ್‌ಗ್ರೌಂಡ್‌ನಲ್ಲಿ ಓಪೇಕ್‌ಗೆ (ಅಪಾರದರ್ಶಕ) ಗುರುತು ಹಾಕಿ, ಅಲ್ಲೇ ವೈಟ್ ಆರಿಸಿ. ಬಣ್ಣದ ಪೋಸ್ಟರ್ ಮೇಲೆ ಕೂರಿಸುವುದಿದ್ದರೆ ಮಾತ್ರ ಓಪೇಕ್ ತೆಗೆದು, ಕೊನೆಯವರೆಗೂ ಪಿಎನ್‌ಜಿಯಲ್ಲೇ ಇಟ್ಟುಕೊಳ್ಳಿ.

ಹೆಲಿಕ್ಸ್ ಮಂಕಾಗಲು ಕಾರಣ ಡೆಪ್ತ್ ಕ್ಯೂ, ಅಂದರೆ ಮಂಜಿನ ಪರಿಣಾಮ. ಪರಮಾಣು ದೂರ ಹೋದಷ್ಟೂ ಅದರ ಬಣ್ಣಕ್ಕೆ ಹಿನ್ನೆಲೆಯ ಬಣ್ಣ ಬೆರೆಯುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಹಿಂದಿನ ಭಾಗ ಕತ್ತಲಾಗುತ್ತದೆ, ಬಿಳಿಯಲ್ಲಿ ಪೇಲವವಾಗುತ್ತದೆ. ಅದೇ ಮೆನುವಿನಲ್ಲಿ ಡೆಪ್ತ್ ಕ್ಯೂ ತೆಗೆಯಿರಿ. ಹಿನ್ನೆಲೆ, ಮಂಜು ಎರಡನ್ನೂ ರೇ ಕೊಡುವ ಮೊದಲೇ ಸರಿಮಾಡಬೇಕು.

ಆಮೇಲೆ ‘ರೇ 2400, 1800’ ಕೊಡಿ. 8 ಇಂಚು ಅಗಲಕ್ಕೆ ಇಂಚಿಗೆ 300 ಬಿಂದುಗಳಾಯಿತು. ಬರೀ ‘ರೇ’ ಎಂದರೆ ಕಿಟಕಿಯ ಅಳತೆಯಲ್ಲೇ ಚಿತ್ರ ಬರುತ್ತದೆ; ಉಳಿಸುವಾಗ ಡಿಪಿಐ (ಇಂಚಿಗೆ ಬಿಂದುಗಳು) 300 ಎಂದು ಬರೆದ ಮಾತ್ರಕ್ಕೆ ಬಿಂದುಗಳು ಹೆಚ್ಚುವುದಿಲ್ಲ. ರೇ ಮುಗಿದ ಮೇಲೆ ಅಣುವನ್ನು ತಿರುಗಿಸಬೇಡಿ. ಕೂದಲೆಳೆಯಷ್ಟು ತಿರುಗಿದರೂ ಆ ಚಿತ್ರ ಹೋಗಿ ಪರದೆಯ ಸಾಧಾರಣ ನೋಟ ಬರುತ್ತದೆ, ಉಳಿಯುವುದೂ ಅದೇ.

ಪ್ರಶ್ನೆ: ಅಣುಗಳನ್ನು ತೋರಿಸುವ ಇನ್ನೊಂದು ತಂತ್ರಾಂಶ ವಿಎಂಡಿಯಲ್ಲಿ ಹಿನ್ನೆಲೆ ಬಿಳಿ ಮಾಡಿದ ಮೇಲೆ ಎರಡು ಪರಮಾಣುಗಳ ನಡುವಿನ ದೂರ ತೋರಿಸುವ ಗೆರೆ ಮಾಯವಾಗಿದೆ.

ಉತ್ತರ: ಗೆರೆ ಅಲ್ಲೇ ಇದೆ, ಅದರ ಬಣ್ಣವೂ ಬಿಳಿ. ಗ್ರಾಫಿಕ್ಸ್ ಮೆನುವಿನ ಕಲರ್ಸ್ ತೆರೆದು, ಲೇಬಲ್ಸ್ ವರ್ಗದಲ್ಲಿ ಬಾಂಡ್ಸ್‌ಗೆ ಕಪ್ಪು ಕೊಡಿ. ದೂರದ ಗೆರೆಗೆ ಅಲ್ಲಿರುವ ಹೆಸರು ಬಾಂಡ್ಸ್ ಎಂದೇ, ಹಾಗಾಗಿ ಹಲವರು ಅದನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ಮೂಲೆಯ ಅಕ್ಷಗಳು ಬೇಡವಾದರೆ ಡಿಸ್‌ಪ್ಲೇ, ಆಕ್ಸಿಸ್, ಆಫ್.

ಪ್ರಶ್ನೆ: ಇಂಥದೇ ತಂತ್ರಾಂಶ ಕೈಮೆರಾಎಕ್ಸ್‌ನಲ್ಲಿ ಪಾರದರ್ಶಕ ಹಿನ್ನೆಲೆ ಪಡೆಯುವುದು ಹೇಗೆ?

ಉತ್ತರ: ಸೇವ್ ಆಜ್ಞೆಯಲ್ಲಿ ಕಡತದ ಹೆಸರಿನ ನಂತರ ‘ವಿಡ್ತ್ 2400 ಸೂಪರ್‌ಸ್ಯಾಂಪಲ್ 3 ಟ್ರಾನ್ಸ್‌ಪರೆಂಟ್‌ಬ್ಯಾಕ್‌ಗ್ರೌಂಡ್ ಟ್ರೂ’ ಸೇರಿಸಿ. ಸೂಪರ್‌ಸ್ಯಾಂಪಲ್ ಅಂಚುಗಳನ್ನು ನಯ ಮಾಡುತ್ತದೆ. ‘ಟ್ರಾನ್ಸ್‌ಪರೆಂಟ್’, ‘ಬ್ಯಾಕ್‌ಗ್ರೌಂಡ್’ ಎರಡು ಪದವಾದರೂ ಅವುಗಳ ನಡುವೆ ಜಾಗ ಬಿಡದೆ ಟೈಪ್ ಮಾಡಬೇಕು.